ಬೇವಿನ ಮರದಿಂದ ಎಂಟು ಹೆಜ್ಜೆ

ನಾನು ನಿಂತಿದ್ದುದು ಬೆಟಗೇರಿಯ ನಮ್ಮ ಕ್ರೈಸ್ತ ಸಭೆಯ ಸ್ಮಶಾನದಲ್ಲಿ, ಪೂರ್ವದ ಗೋಡೆಯ ಪಕ್ಕದ ಬೇವಿನ ಮರದಿಂದ ಎಂಟು ಹೆಜ್ಜೆ ಈಚೆ. ಮೂರು ವರ್ಷದ ಹಿಂದಿನ ಆಗಸ್ಟ್ ತಿಂಗಳ ಒಂದು ಮಂಗಳವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ವೇಳೆ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ: ಗೇಟು ದಾಟಿದ ಕೂಡಲೇ ಕೈಗಡಿಯಾರ ನೋಡಿಕೊಂಡಿದ್ದೆ. ತಡವಾಗಿ ಬಂದವನು ಗಡಿಯಾರ ನೋಡುವುದು ವೇಳೆ ತಿಳಿಯಲು ಅಲ್ಲ, ಯಾವ ಸಬೂಬು ಸಾಲುತ್ತದೆ ಎಂದು ಅಂದಾಜು ಮಾಡಲು. ಮಳೆ ತಗ್ಗಿ ಹನಿ ಮಾತ್ರ ಬೀಳುತ್ತಿತ್ತು. ನನ್ನ ಎದುರು ನನ್ನದೇ ಹೆಸರು ಕೆತ್ತಿದ ಕರಿ ಗ್ರಾನೈಟ್ ಕಲ್ಲಿತ್ತು. ನಾನು ಬದುಕಿದ್ದೆ. ನನ್ನ ಕಲ್ಲನ್ನು ಸುತ್ತು ಹಾಕಿ ಇನ್ನೊಬ್ಬರ ಶವದ ಪೆಟ್ಟಿಗೆ ಮುಂದೆ ಹೋಗುತ್ತಿತ್ತು.

ಇದನ್ನು ಇಂದು ಬರೆಯಲು ಕೂರಿಸಿದ್ದು ಸುಣ್ಣದ ವಾಸನೆ. ನಾಳೆ ಈಸ್ಟರ್. ಹಬ್ಬದ ಹಿಂದಿನ ಶನಿವಾರ ನಮ್ಮ ಸಭೆಯ ಪ್ರತಿ ಮನೆಯವರೂ ತಮ್ಮವರ ಸಮಾಧಿಗೆ ಸುಣ್ಣ ಬಳಿಯುವುದು ರೂಢಿ. ಮರುದಿನ ನಸುಕಿನಲ್ಲಿ ಎಲ್ಲರೂ ಅಲ್ಲೇ ಸೇರಿ, ಬಿಳಿ ಸಮಾಧಿಗಳ ನಡುವೆ ನಿಂತು ಹಾಡಿ, ಸೂರ್ಯ ಹುಟ್ಟುವುದನ್ನು ನೋಡುತ್ತೇವೆ. ಹಿತ್ತಲಿನಲ್ಲಿ ನನ್ನ ಹೆಂಡತಿ ಸುಶೀಲಾ ಹಳೆಯ ಕಬ್ಬಿಣದ ಬಕೆಟ್ಟಿಗೆ ಸುಣ್ಣದ ಹರಳು ಹಾಕಿ ನೀರು ಸುರಿದಿದ್ದಾಳೆ. ಅದು ಬುಸುಗುಡುತ್ತ ಕುದಿಯುತ್ತಿದೆ. ಅಂಗಡಿಯಲ್ಲಿ ತಯಾರು ಬಣ್ಣದ ಡಬ್ಬಿ ಸಿಗುತ್ತದೆ, ತರಲೇ ಎಂದು ನಾನು ಪ್ರತಿ ವರ್ಷ ಕೇಳುತ್ತೇನೆ. ಪ್ರತಿ ವರ್ಷ ಅವಳು ಈ ಬಕೆಟ್ಟನ್ನೇ ಎತ್ತಿಕೊಳ್ಳುತ್ತಾಳೆ. ಆ ಬಿಸಿ ವಾಸನೆ ಮೂಗಿಗೇರಿದರೆ ನನಗೆ ಯಾಕೋಬಪ್ಪ ಕಾಕಾ ನೆನಪಾಗುತ್ತಾರೆ. ನೆನಪಾದರೆ ತಲೆ ತಾನಾಗಿ ತಗ್ಗುತ್ತದೆ. ಇದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಿದಷ್ಟರಲ್ಲಿ ಒಂದು ಸುಳ್ಳೂ ಇತ್ತು. ಆ ಸುಳ್ಳಿನ ತನಕ ನೀವು ಸ್ವಲ್ಪ ತಾಳಿಕೊಂಡು ನನ್ನ ಜೊತೆ ಬರಬೇಕು.

ನನ್ನ ಕಸುಬು ಫರ್ಸಿಯದು. ಮನೆಗಳ ನೆಲಕ್ಕೆ ಹಾಸುವ ಕಲ್ಲು ಮಾರುವವನು ನಾನು. ತಂದೆಯ ಕಾಲಕ್ಕೆ ಬೆಟಗೇರಿಯಲ್ಲಿ ಒಂದು ತಗಡಿನ ಶೆಡ್ಡು, ಅದರ ಮುಂದೆ ಸಾಲಾಗಿ ಒರಗಿಸಿಟ್ಟ ಶಹಾಬಾದ್ ಫರ್ಸಿ, ಇಷ್ಟೇ. ನಾನು ಅದಕ್ಕೆ ಗ್ರಾನೈಟ್ ಸೇರಿಸಿದೆ, ಟೈಲ್ಸ್ ಸೇರಿಸಿದೆ, ಗದಗಿನಲ್ಲಿ ಗಾಜಿನ ಬಾಗಿಲಿನ ಅಂಗಡಿ ಹಾಕಿದೆ. ಆಮೇಲೆ ಲಕ್ಷ್ಮೇಶ್ವರದಲ್ಲಿ ಒಂದು. ಅದು ಶುರುವಾದ ದಿನ ಪಾದ್ರಿಗಳನ್ನು ಕರೆಸಿ ಪ್ರಾರ್ಥನೆ ಮಾಡಿಸಿ, ಪೇಡೆ ಹಂಚಿ, ಇನ್ನು ಸಾಕು ಎಂದುಕೊಂಡೆ. ಆ ಸಾಕು ಎಂಟು ತಿಂಗಳು ಬಾಳಿತು. ಮುಂದೆ ಮುಂಡರಗಿಯ ಅಂಗಡಿ ಮನಸ್ಸಿಗೆ ಬಂತು. ಮುಂಡರಗಿಯ ಕಟ್ಟಡಕ್ಕೆ ಗಿಲಾವು ಆಗುವ ಮುಂಚೆಯೇ ಶಿರಹಟ್ಟಿಯಲ್ಲಿ ಜಾಗ ನೋಡಲು ಓಡಾಡತೊಡಗಿದ್ದೆ.

ಈ ಕಸುಬು ಕಣ್ಣನ್ನು ಕೆಡಿಸುತ್ತದೆ. ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮನುಷ್ಯರ ಮುಖವನ್ನಲ್ಲ, ನೆಲವನ್ನು. ಯಾವ ಕಲ್ಲು, ಸಂದು ಎಷ್ಟು ಬಿಟ್ಟಿದ್ದಾರೆ, ನೀರು ಎತ್ತ ಹರಿಯುತ್ತದೆ. ದೇವಾಲಯದಲ್ಲಿ ಪಾದ್ರಿಗಳು ತಲೆ ಬಾಗಿಸಿರಿ ಎಂದಾಗ ಉಳಿದವರು ಕಣ್ಣು ಮುಚ್ಚುತ್ತಾರೆ. ನನಗೆ ನೆಲ ಕಾಣುತ್ತದೆ. ಮೂರನೆಯ ಬೆಂಚಿನ ಕೆಳಗೆ ಒಂದು ಫರ್ಸಿ ಮೂಲೆಯಿಂದ ಮೂಲೆಗೆ ಸೀಳಿದೆ. ಪಾದ್ರಿಗಳು ಮಾಡಿದ ಎಷ್ಟೋ ಪ್ರಸಂಗಗಳು ಮರೆತುಹೋಗಿವೆ, ಆ ಸೀಳು ಮರೆತಿಲ್ಲ.

ಯಾಕೋಬಪ್ಪ ನನ್ನ ತಂದೆಯ ಗೆಳೆಯರು, ನೇಕಾರರು. ಬೆಟಗೇರಿಯ ಒಂದು ಓಣಿಯಲ್ಲಿ ಅವರ ಮನೆ. ಮನೆಯೆಂದರೆ ಒಂದೇ ಕೋಣೆ, ಅದರ ಅರ್ಧಕ್ಕೆ ನೆಲದಲ್ಲಿ ತೋಡಿದ ಕುಣಿ, ಕುಣಿಯ ಮೇಲೆ ಮಗ್ಗ. ಅವರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುತ್ತಿದ್ದರು. ಒಳಗೆ ಹೋದವರಿಗೆ ಅವರ ತಲೆ ಸೊಂಟದ ಎತ್ತರಕ್ಕೆ ಕಾಣುತ್ತಿತ್ತು. ಹಾಗಾಗಿ ಅವರೊಡನೆ ಮಾತಾಡಬೇಕಾದವರು ಮೊದಲು ಕೂರಬೇಕಿತ್ತು. ವಾರಕ್ಕೆ ಎರಡು ಸೀರೆ. ಎರಡು ಮುಗಿದರೆ ಮಗ್ಗಕ್ಕೆ ಹಳೆಯ ಸೀರೆ ಹೊದಿಸಿ ಎದ್ದುಬಿಡುತ್ತಿದ್ದರು. ಶನಿವಾರ ದೇವಾಲಯದ ಅಂಗಳ ಗುಡಿಸುವುದು, ಆದಿತ್ಯವಾರ ಗಂಟೆ ಬಾರಿಸುವುದು. ಅವರ ಹೆಂಡತಿ ಎಸ್ತರವ್ವ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಮಗಳು ರೂತವ್ವ ಗಂಡನನ್ನು ಕಳೆದುಕೊಂಡು ತಂದೆಯ ಜೊತೆಗೇ ಇದ್ದಳು.

ಅವರಿಗೆ ಬುದ್ಧಿ ಹೇಳುವುದು ನನ್ನ ಹವ್ಯಾಸವಾಗಿತ್ತು. "ಇನ್ನೊಂದು ಮಗ್ಗ ಹಾಕ್ರಿ ಕಾಕಾ. ರೂತವ್ವನೂ ನೇಯತಾಳ," ಎಂದೆ ಒಮ್ಮೆ.

"ಇಬ್ರೂ ಕುಣ್ಯಾಗ ಇಳದು ಕುಂತ್ರ ರೊಟ್ಟಿ ಯಾರು ಬಡೀಬೇಕಲೇ? ನೀ ಬಂದು ಬಡೀತೀಯೇನು?"

ಮತ್ತೊಂದು ಸಲ ಅವರ ಸಾರಿಸಿದ ಮಣ್ಣಿನ ನೆಲ ನೋಡಿ ನೋಡಿ ತಡೆಯಲಾಗದೆ ಹೇಳಿದೆ: "ನಿಮ್ಮ ಮನಿಗೆ ನಾನ ಫರ್ಸಿ ಹಾಕಸ್ತೇನ್ರಿ. ನೀವು ಏನೂ ಕೊಡೂದು ಬ್ಯಾಡ."

"ಬ್ಯಾಡ ತಮ್ಮಾ. ಮಣ್ಣಿನ ನೆಲ ಅಂದ್ರ ಕುಣಿ ತಂಪಿರತೈತಿ. ತಂಪಿದ್ರ ನೂಲು ಹರಿಯೂದಿಲ್ಲ. ನಿನ್ನ ಫರ್ಸಿ ಹಾಸಿದ್ರ ನೆಲ ಮಿಂಚತೈತಿ, ನೂಲು ಪಟಾಪಟಾ ಹರೀತಾವು."

"ಹಂಗಾರ ಮಗ್ಗದ ಖೋಲಿ ಬಿಟ್ಟು, ಅಡಗಿ ಖೋಲಿಗೆ ಹಾಕಸೂಣು."

ಅವರು ಲಾಳಿ ಕೆಳಗಿಟ್ಟು ನಕ್ಕರು. "ಇರೂದ ಒಂದ ಖೋಲಿ ಅಲ್ಲೇನೊ!"

ನಾನೂ ನಕ್ಕೆ. ಆದರೆ ಒಳಗೆ ಸಿಟ್ಟು ಬಂದಿತ್ತು. ಬಡವನೊಬ್ಬ ನನ್ನಿಂದ ಏನನ್ನೂ ತೆಗೆದುಕೊಳ್ಳಲು ಒಪ್ಪದಿದ್ದರೆ, ಅವನ ಮುಂದೆ ನಾನು ಏನಾಗಿ ನಿಲ್ಲಬೇಕು ಎಂಬುದು ನನಗೆ ತಿಳಿಯುತ್ತಿರಲಿಲ್ಲ.

ಬುಧವಾರ ಸಂಜೆ ನಮ್ಮಲ್ಲಿ ಮನೆಪ್ರಾರ್ಥನೆ ನಡೆಯುತ್ತದೆ, ವಾರಕ್ಕೊಂದು ಮನೆಯಲ್ಲಿ. ಪ್ರಾರ್ಥನೆಗೆ ಮೊದಲು ಚಾಪೆಯ ಮೇಲೆ ಸುತ್ತ ಕುಳಿತ ಒಬ್ಬೊಬ್ಬರೂ ತಮ್ಮ ಬೇಡಿಕೆ ಹೇಳಬೇಕು. ಪಾದ್ರಿಗಳು ಅವನ್ನೆಲ್ಲ ಕೂಡಿಸಿ ದೇವರ ಮುಂದಿಡುತ್ತಾರೆ. ಒಬ್ಬರಿಗೆ ಮೊಣಕಾಲು ನೋವು, ಒಬ್ಬರ ಮಗಳಿಗೆ ಹೆರಿಗೆ ದಿನ. ನನ್ನ ಸರದಿ ಬಂದರೆ ಲಕ್ಷ್ಮೇಶ್ವರದ ಪರವಾನಗಿ, ಮುಂಡರಗಿಯ ಕಟ್ಟಡ, ಕಲ್ಲು ತರುವ ಲಾರಿ ಎಂದು ಉದ್ದಕ್ಕೆ ಹೋಗುತ್ತಿತ್ತು. ಯಾಕೋಬಪ್ಪ ಮಾತ್ರ ಪ್ರತಿ ವಾರ ಒಂದೇ ಮಾತು ಹೇಳುತ್ತಿದ್ದರು: "ನಂದೇನಿಲ್ರಿ. ಮುಂದ ನಡೀಲಿ."

"ಏನೂ ಇಲ್ಲಂದ್ರ ಹೆಂಗ ಕಾಕಾ?" ಎಂದು ಸುಶೀಲಾ ಒಮ್ಮೆ ಕೆಣಕಿದಳು. "ದೇವ್ರಿಗೂ ನಿಮ್ಮ ದನಿ ಕೇಳಬೇಕು ಅನಸಂಗಿಲ್ಲೇನು?"

"ಅವಗ ನಿನ್ನ ಗಂಡನ ಯಾದಿ ಓದಾಕ ವ್ಯಾಳ್ಯಾ ಸಾಲವಲ್ತು, ಸುಶೀಲವ್ವಾ. ನಂದೂ ಯಾಕ ಹೇರಲಿ?"

ಎಲ್ಲರೂ ನಕ್ಕರು. ಹೊರಗೆ ಚಪ್ಪಲಿ ಮೆಟ್ಟುವಾಗ ಅವರು ನನ್ನ ಭುಜ ಹಿಡಿದು ಮೆಲ್ಲಗೆ ಹೇಳಿದರು: "ಚಾಷ್ಟಿ ಮಾಡಿದೆ, ಬ್ಯಾಸರ ಮಾಡ್ಕೊಬ್ಯಾಡ. ಆದ್ರ ಒಂದ ಮಾತು. ಆದಿತ್ಯವಾರ ಎಲ್ಲಾರೂ ಎದ್ದು ನಿಂತು ಇವತ್ತಿನ ಹೊಟ್ಟಿಗೆ ಇವತ್ತ ಕೊಡಪ್ಪಾ ಅಂತೇವಿ. ಇವತ್ತಿಂದಷ್ಟ ಅಂತೇವಿ, ಹೌದಿಲ್ಲೊ? ಅಷ್ಟು ಮಂದಿ ಮುಂದ ಹೇಳಿ, ಮನಿಗೆ ಬಂದು ಮಾತಿಗೆ ತಪ್ಪಬಾರ್ದು, ನೋಡು."

ಬೇಡಿಕೆಯೇ ಇಲ್ಲದ ಆ ಮನುಷ್ಯನಿಗೆ ಒಂದು ಆಸೆ ಮಾತ್ರ ಇತ್ತು. ಅದು ಬೇಡಿಕೆಯೆಂದು ಅವರಿಗೆ ಅನಿಸಿರಲಿಲ್ಲ, ಏಕೆಂದರೆ ಅದು ಆಗಲೇ ತಮ್ಮದಾಗಿದೆ ಎಂದು ಅವರು ತಿಳಿದಿದ್ದರು. ಎಸ್ತರವ್ವನ ಸಮಾಧಿ ಇರುವುದು ಬೇವಿನ ಮರದ ಹತ್ತಿರ. ಅದರ ಎಡಕ್ಕೆ ಒಬ್ಬರು ಮಲಗುವಷ್ಟು ಜಾಗ ಖಾಲಿಯಿತ್ತು. ನಮ್ಮ ಸಭೆಯಲ್ಲಿ ಗಂಡ ಹೆಂಡಿರಲ್ಲಿ ಒಬ್ಬರು ಹೋದರೆ ಪಕ್ಕದ ಜಾಗ ಇನ್ನೊಬ್ಬರಿಗೆಂದು ಬಿಡುತ್ತಾರೆ. ಅದಕ್ಕೆ ಕಾಗದವಿಲ್ಲ, ರಸೀದಿಯಿಲ್ಲ. ಎಲ್ಲರಿಗೂ ಗೊತ್ತಿರುವುದೇ ಕಾಗದ. ಪ್ರತಿ ವರ್ಷ ಈ ಶನಿವಾರ ಯಾಕೋಬಪ್ಪ ಹೆಂಡತಿಯ ಸಮಾಧಿಗೆ ಸುಣ್ಣ ಬಳಿದು, ಬಕೆಟ್ಟಿನಲ್ಲಿ ಉಳಿದದ್ದರಿಂದ ಆ ಖಾಲಿ ಜಾಗದ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ ಇಡುತ್ತಿದ್ದರು. ಒಂದು ವರ್ಷ ಎಲ್ಲರ ಮುಂದೆ ಟೋಪಿ ಪಕ್ಕಕ್ಕಿಟ್ಟು ಅಲ್ಲಿ ಅಂಗಾತ ಮಲಗಿಯೂ ನೋಡಿದರು. "ಸರಿ ಆಗತೈತಿ," ಎಂದು ಮಲಗಿಕೊಂಡೇ ಹೇಳಿದರು. "ಆಕಿ ಬಲಕ್ಕ ಮಲಗ್ಯಾಳ. ಮನ್ಯಾಗೂ ಹಂಗ ಇತ್ತು." ನಾವೆಲ್ಲ ಸುಣ್ಣದ ಕೈಯಲ್ಲೇ ಹೊಟ್ಟೆ ಹಿಡಿದು ನಕ್ಕಿದ್ದೆವು. ನಾನೂ ಅಲ್ಲಿದ್ದೆ. ಇದನ್ನು ಗುರುತಿಟ್ಟುಕೊಳ್ಳಿ: ನಾನು ಅಲ್ಲಿದ್ದೆ.

ಸ್ಮಶಾನದ ಗೋಡೆ ಒಂದು ಮಳೆಗಾಲದಲ್ಲಿ ಕುಸಿಯಿತು. ನಾನು ಸಭೆಯ ಹಿರಿಯರಲ್ಲಿ ಒಬ್ಬ. ಗೋಡೆಗೆ ಬೇಕಾದ ಕಲ್ಲನ್ನೆಲ್ಲ ಕೊಟ್ಟೆ. ಕೊಟ್ಟು ಸುಮ್ಮನಿದ್ದರೆ ಈ ಬರಹವೇ ಬೇಕಿರಲಿಲ್ಲ. ನನಗೂ ಸುಶೀಲಾಳಿಗೂ ಒಂದು ಜಾಗ ಈಗಲೇ ಗುರುತು ಮಾಡಿ ಕೊಡಿ ಎಂದು ಕೇಳಿದೆ. ಯಾವ ಜಾಗವೆಂದು ಯಾರೂ ಕೇಳಲಿಲ್ಲ, ಆರಿಸಿಕೊಳ್ಳಿ ಎಂದರು. ನಾನು ಬೇವಿನ ಮರದ ಹತ್ತಿರ ಆರಿಸಿಕೊಂಡೆ. ಕಾರಣ ಹೇಳಿದರೆ ನೀವು ನಗುತ್ತೀರಿ: ಅಲ್ಲಿ ನೆರಳಿತ್ತು. ಸತ್ತ ಮೇಲೆ ಬಿಸಿಲು ತಾಗಬಾರದೆಂದು ನಾನು ನಿಜವಾಗಿಯೂ ಯೋಚಿಸಿದ್ದೆ. ಇಬ್ಬರಿಗೆ ಬೇಕಾಗುವಷ್ಟು ಅಗಲ ಅಳೆದಾಗ ಅಳತೆಯ ಟೇಪು ಎಸ್ತರವ್ವನ ಮಣ್ಣಿನ ದಿಬ್ಬಕ್ಕೆ ಒಂದು ಗೇಣು ಈಚೆಗೆ ಬಂದು ನಿಂತಿತು.

ಆ ದಿನ ನಮ್ಮ ಸಮಾಧಿಯ ಕಟ್ಟೆಗೆ ಪಾಯ ತೆಗೆದವನು ಮಾಬೂಸಾಬ. ನಮ್ಮವರಿಗೂ ತಮ್ಮವರಿಗೂ ಕುಣಿ ತೋಡುವವನು ಅವನೇ. ಗುದ್ದಲಿ ಊರಿಕೊಂಡು ನಿಂತು, "ಸಾವಕಾರ್ರ, ಇಲ್ಲೇ ಅಲ್ಲೇನ್ರಿ ಯಾಕೋಬಪ್ಪ ಮಲಗಿ ಅಳತಿ ತಗೊಂಡಿದ್ದು?" ಎಂದ.

"ಅದು ಚಾಷ್ಟಿ, ಮಾಬೂಸಾಬ. ನೀ ತೆಗಿ," ಎಂದೆ.

ಅವನು ನನ್ನ ಮುಖ ಒಮ್ಮೆ ನೋಡಿ ಗುದ್ದಲಿ ಎತ್ತಿದ.

ನನಗೆ ಗೊತ್ತಿತ್ತೇ, ಗೊತ್ತಿರಲಿಲ್ಲವೇ ಎಂದು ನಾನು ಬಹಳ ದಿನ ನನ್ನೊಳಗೆ ವಾದ ಮಾಡಿದ್ದೇನೆ. ಗೊತ್ತಿತ್ತು. ಗೊತ್ತಿಲ್ಲದವನು ಕೂಡಲೇ ಅದು ಚಾಷ್ಟಿ ಎಂದು ಉತ್ತರ ಕೊಡುವುದಿಲ್ಲ.

ಕಾಂಕ್ರೀಟ್ ಹಾಕಿ ಸುತ್ತ ಗ್ರಾನೈಟ್ ಅಂಚು ಕಟ್ಟಿಸಿದೆ. ತಲೆಯ ಕಡೆಗೆ ಕರಿ ಕಲ್ಲು, ಮುಖ ಕಾಣುವಂಥ ಪಾಲಿಶ್. ಅದರ ಮೇಲೆ ನಮ್ಮಿಬ್ಬರ ಹೆಸರು, ಜನನ, ಅದರ ಮುಂದೆ ಮರಣ ಎಂಬ ಪದ, ಅದರ ಮುಂದೆ ಖಾಲಿ. ಸುಶೀಲಾಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. "ನನ್ನ ಹೆಸರೂ ಕೆತ್ತಸೀರಿ. ನನ್ನ ಒಂದ ಮಾತು ಕೇಳಬಾರ್ದಾಗಿತ್ತ?" ಎಂದಳು. ನಾನು ಮಾತ್ರ ಆದಿತ್ಯವಾರ ಆರಾಧನೆ ಮುಗಿದ ಮೇಲೆ ಅತ್ತ ಹೋಗಿ, ಬೇವಿನ ಎಲೆ ಬಿದ್ದಿದ್ದರೆ ಕರವಸ್ತ್ರದಿಂದ ಒರೆಸಿ ಬರುತ್ತಿದ್ದೆ. ನನ್ನ ಎಲ್ಲ ಜಾಗಗಳಲ್ಲಿ ಬಾಡಿಗೆ, ಪರವಾನಗಿ, ತಕರಾರು ಯಾವುದೂ ಇಲ್ಲದ್ದು ಅದೊಂದೇ ಎಂದು ಸಮಾಧಾನಪಡುತ್ತಿದ್ದೆ.

ಅದರ ಮುಂದಿನ ಈಸ್ಟರ್ ಶನಿವಾರ ನಾನು ಸುಣ್ಣ ಬಳಿಯಲು ಹೋಗಲಿಲ್ಲ, ಮುಂಡರಗಿಯಲ್ಲಿದ್ದೆ. ಸೋಮವಾರ ಯಾಕೋಬಪ್ಪ ಗದಗಿನ ಅಂಗಡಿಗೆ ಬಂದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು, ಅದೇ ಕೊನೆ. ಗಾಜಿನ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಹೊರಗೇ ನಿಂತಿದ್ದರು. ಒಳಗೆ ಕರೆದೆ. ಚಪ್ಪಲಿ ಹೊರಗೆ ಬಿಟ್ಟು, ಬೆಳ್ಳನೆಯ ಟೈಲ್ಸ್ ಮೇಲೆ ಜಾರಬಹುದೆಂದು ಒಂದೊಂದೇ ಹೆಜ್ಜೆ ಇಟ್ಟು ಬಂದರು.

"ತಮ್ಮಾ, ನಿನ್ನ ಕಲ್ಲು ನೋಡಿದೆ. ಚಂದ ಐತಿ. ಆದ್ರ ಅದು ನನ್ನ ಜಾಗದ ಮ್ಯಾಲ ಬಂದಂಗ ಕಾಣತೈತಿ."

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ನಾನು ಆಗ ಹೇಳಿದ ಮಾತನ್ನು ಇದ್ದಹಾಗೆ ಬರೆಯುತ್ತೇನೆ: "ಕಾಕಾ, ಆ ಜಾಗಕ್ಕ ನಿಮ್ಮ ಹತ್ರ ಕಾಗದ ಐತೇನು?"

ಅವರಿಗೆ ಕೋಪ ಬರಲಿಲ್ಲ. ಮಕ್ಕಳು ಏನಾದರೂ ವಿಚಿತ್ರ ಕೇಳಿದಾಗ ನೋಡುವಂತೆ ನೋಡಿದರು. "ಕಾಗದ? ಆಕಿ ಅಲ್ಲೇ ಮಲಗ್ಯಾಳಲ್ಲೊ."

ನಾನು ನೆಲ ನೋಡಿದೆ. ನನ್ನ ಟೈಲ್ಸ್ ಮೇಲೆ ಅವರ ಬರಿಗಾಲಿನ ಗುರುತು ಬಾಗಿಲಿನಿಂದ ಮೇಜಿನ ತನಕ ಸಾಲಾಗಿ ಬಿದ್ದಿತ್ತು. "ಆತು ಕಾಕಾ, ಸರಿಸಿ ಕಟ್ಟಸ್ತೇನಿ," ಎಂದೆ. "ಮುಂಡರಗಿ ಅಂಗಡಿ ಒಂದ ಸುರು ಆಗಲಿ."

"ಆಗಲೇಳು. ನಿನಗೂ ಗಡಿಬಿಡಿ ಇಲ್ಲ, ನನಗೂ ಗಡಿಬಿಡಿ ಇಲ್ಲ," ಎಂದು ನಕ್ಕು, ಚಹಾ ಬೇಡವೆಂದು ಹೋದರು.

ಅದೇ ವಾರದ ಬುಧವಾರ ಪ್ರಾರ್ಥನೆ ನಮ್ಮ ಮನೆಯಲ್ಲೇ ಇತ್ತು. ಬೇಡಿಕೆಗಳು ಸುತ್ತು ಬಂದು ಯಾಕೋಬಪ್ಪನ ಹತ್ತಿರ ನಿಂತವು. ನಂದೇನಿಲ್ರಿ ಎಂಬ ಮಾತಿಗೆ ಎಲ್ಲರೂ ಆಗಲೇ ಮುಗುಳ್ನಗುತ್ತಿದ್ದರು. ಅವರು, "ಈ ಸಲ ನಂದೊಂದು ಐತ್ರಿ," ಎಂದರು. ಎಲ್ಲರ ನಗು ನಿಂತಿತು. ಪಾದ್ರಿಗಳು ಮುಂದಕ್ಕೆ ಬಾಗಿ, "ಏನು ಹೇಳ್ರಿ ಹಿರಿಯಾರ," ಎಂದರು. ಯಾಕೋಬಪ್ಪ ನನ್ನ ಕಡೆ ನೋಡಲಿಲ್ಲ. ನೋಡದಿರಲು ಕಷ್ಟಪಡುತ್ತಿದ್ದರು ಎಂದು ನನಗೆ ಕಂಡಿತು. "ಮಂದಿ ಮುಂದ ಹೇಳುವಂಥಾದ್ದಲ್ರಿ. ನಾನ ಮನಸಿನ್ಯಾಗ ಕೇಳ್ಕೋತೇನಿ," ಎಂದರು. ಜೀವಮಾನದಲ್ಲಿ ಏನನ್ನೂ ಬೇಡದ ಒಬ್ಬ ಮನುಷ್ಯನನ್ನು ನಾನು ಬೇಡುವವನನ್ನಾಗಿ ಮಾಡಿದ್ದೆ. ಅವರು ಮೊಣಕಾಲೂರಿದ್ದು ನನ್ನ ಮನೆಯ ಇಟಾಲಿಯನ್ ಕಲ್ಲಿನ ಮೇಲೆ.

ಮುಂಡರಗಿಯ ಅಂಗಡಿ ಜೂನ್‌ನಲ್ಲಿ ಶುರುವಾಯಿತು. ಜುಲೈ ಹೋಯಿತು. ನಾನು ಮರೆತಿರಲಿಲ್ಲ. ಮರೆತವರಿಗೆ ಕ್ಷಮೆಯಾದರೂ ಇದೆ. ನಾನು ಪ್ರತಿ ಆದಿತ್ಯವಾರ ನೆನಪಿಸಿಕೊಂಡು ಮುಂದೂಡುತ್ತಿದ್ದೆ.

ಆಗಸ್ಟಿನ ಆ ಮಂಗಳವಾರ ಬೆಳಿಗ್ಗೆ ಯಾಕೋಬಪ್ಪ ಚಹಾ ಕುಡಿದು ಕುಣಿಯಲ್ಲಿ ಇಳಿದು ಕುಳಿತವರು ಮಗ್ಗಕ್ಕೆ ತಲೆಯೊರಗಿಸಿದ್ದರು. ಮಲಗಿರಬೇಕೆಂದು ರೂತವ್ವ ಸ್ವಲ್ಪ ಹೊತ್ತು ಎಬ್ಬಿಸಲಿಲ್ಲವಂತೆ. ಎಂಟು ಗಂಟೆಗೆ ಖಬರು ಬಂತು. ಸುಶೀಲಾ ಕೂಡಲೇ ಹೊರಟಳು. ನಾನು ಮಣ್ಣು ಕೊಡುವ ಹೊತ್ತಿಗೆ ಬರುತ್ತೇನೆಂದು ಹೇಳಿ ಕಾರು ತೆಗೆದುಕೊಂಡು ಶಿರಹಟ್ಟಿಗೆ ಹೋದೆ. ಅಲ್ಲಿಯ ಜಾಗದ ಮಾಲೀಕ ಅಂದೇ ಮಾತು ಮುಗಿಸೋಣ ಎಂದಿದ್ದ.

ಹನ್ನೊಂದೂವರೆಗೆ ಪಾದ್ರಿಗಳ ಫೋನು ಬಂತು. ನಾನು ಆ ಜಾಗದ ನಡುವೆ ನಿಂತಿದ್ದೆ. "ಮಾಬೂಸಾಬ ಬಂದಾನ್ರಿ. ನಿಮ್ಮ ಕಲ್ಲು ತೆಗಸಬೇಕಾಗತೈತಿ. ಒಂದ ಹ್ಞೂಂ ಅನ್ರಿ."

ಹ್ಞೂಂ ಎನ್ನಲು ಎಷ್ಟು ಹೊತ್ತು ಬೇಕು? ನಾನು ಹೇಳಿದ್ದು: "ಕಾಂಕ್ರೀಟ್ ಐತ್ರಿ. ಹಾರಿ ಹಾಕಿದ್ರ ಗ್ರ್ಯಾನೈಟ್ ಸೀಳತೈತಿ. ಮಷೀನ್ ಹಚ್ಚಿ ಕೊಯ್ಯಬೇಕು. ಎರಡು ತಾಸಿನ್ಯಾಗ ನಾನ ಬರ್ತೇನಿ, ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ."

ಎರಡು ತಾಸು ಕಳೆಯಿತು. ಜಾಗದ ಮಾಲೀಕ ಊಟಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಇಷ್ಟು ಕಾದಿದ್ದೇನೆ, ಇನ್ನು ಅರ್ಧ ತಾಸು ಎಂದುಕೊಂಡೆ. ಫೋನು ಎರಡು ಸಲ ಬಡಿಯಿತು, ಎತ್ತಲಿಲ್ಲ. ದಾರಿಯಲ್ಲಿ ಕಾರಿನ ಗಾಲಿ ಪಂಕ್ಚರ್ ಆಯಿತೆಂದು ಆಮೇಲೆ ಎಲ್ಲರಿಗೂ ಹೇಳಿದೆ. ಈ ಬರಹದ ಆರಂಭದಲ್ಲಿ ಸೂಚಿಸಿದ ಸುಳ್ಳು ಇದೇ. ಯಾವ ಗಾಲಿಯೂ ಪಂಕ್ಚರ್ ಆಗಿರಲಿಲ್ಲ.

ಬೆಟಗೇರಿಯಲ್ಲಿ ಮೋಡ ಕಟ್ಟಿ ಮಳೆ ಶುರುವಾಯಿತು. ಪೆಟ್ಟಿಗೆಯನ್ನು ಎಷ್ಟು ಹೊತ್ತು ಕಾಯಿಸುವುದು? ಕೊನೆಗೆ ರೂತವ್ವನೇ ಹೇಳಿದಳಂತೆ: "ಇರಲಿ ಬಿಡ್ರಿ. ಅಣ್ಣಾರ ಕಲ್ಲು ಒಡೀಬ್ಯಾಡ್ರಿ. ಎಲ್ಲಿ ಜಾಗಾ ಐತಿ ಅಲ್ಲೆ ತೆಗೀರಿ." ಜಾಗವಿದ್ದುದು ಪಶ್ಚಿಮದ ಗೋಡೆಯ ಕೆಳಗೆ, ಮಳೆಯ ನೀರು ನಿಲ್ಲುವ ಎರೆಮಣ್ಣಿನಲ್ಲಿ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಾನು ಕಂಡದ್ದು ಇದು. ಆರು ಜನ ಪೆಟ್ಟಿಗೆ ಹೊತ್ತು ಗೇಟಿನಿಂದ ಬಂದರು. ಕಾಲು ಜಾರುತ್ತಿದ್ದುದರಿಂದ ಮೆಲ್ಲಗೆ ಬರುತ್ತಿದ್ದರು. ಎಸ್ತರವ್ವನ ದಿಬ್ಬದ ಹತ್ತಿರ ಬಂದಾಗ ಯಾರೂ ಹೇಳದೆಯೇ ನಿಂತರು. ಅಷ್ಟೊತ್ತಿಗೆ ನಾನು ನನ್ನ ಕಲ್ಲಿನ ಎದುರಿಗಿದ್ದೆ. ಮಳೆಯಲ್ಲಿ ತೊಳೆದ ಕರಿ ಗ್ರಾನೈಟಿನಲ್ಲಿ ಪೆಟ್ಟಿಗೆ ಕಂಡಿತು, ಹೊತ್ತವರ ಕೆಸರುಗಾಲು ಕಂಡವು, ಅವುಗಳ ಮುಂದೆ ನನ್ನ ಮುಖ. ನನ್ನ ಹೆಸರಿನ ಮುಂದಿನ ಖಾಲಿ ಜಾಗದಲ್ಲಿ ಪೆಟ್ಟಿಗೆಯ ನೆರಳು ಒಂದು ಗಳಿಗೆ ನಿಂತಿತು. ಆಮೇಲೆ ಅವರು ನನ್ನ ಗ್ರಾನೈಟ್ ಅಂಚನ್ನು ಸುತ್ತು ಹಾಕಿ, ಅದರ ಮೇಲೆ ಯಾರೂ ಕಾಲಿಡದಂತೆ ಜೋಪಾನವಾಗಿ ದಾಟಿ, ಪಶ್ಚಿಮಕ್ಕೆ ಹೋದರು. ಆ ಜೋಪಾನವನ್ನು ನಾನು ಮರೆಯಲಾರೆ. ಆಮೇಲೆ ಒಬ್ಬನೇ ಹೋಗಿ ಎಣಿಸಿದ್ದೇನೆ: ಆ ದಿಬ್ಬದಿಂದ ಈ ದಿಬ್ಬಕ್ಕೆ ನಲವತ್ತೊಂದು ಹೆಜ್ಜೆ.

ಪಾದ್ರಿಗಳು ಓದಿದ ಪಾಠ ಪ್ರತಿ ಮಣ್ಣಿನಲ್ಲಿ ಓದುವುದೇ. ಬರುವಾಗ ಬರಿಗೈ, ಹೋಗುವಾಗ ಬರಿಗೈ ಎಂಬುದು. ನಾನು ಅದನ್ನು ನೂರು ಸಲ ಕೇಳಿರಬೇಕು, ಪ್ರತಿ ಸಲ ಹೋಗುತ್ತಿರುವವರ ಬಗ್ಗೆ ಎಂದುಕೊಂಡಿದ್ದೆ. ಅಂದು ಮುಷ್ಟಿ ಮಣ್ಣು ಹಾಕಲು ನನ್ನ ಸರದಿ ಬಂದಾಗ ಕುಣಿಯ ತಳದಲ್ಲಿ ನೀರು ನಿಂತಿತ್ತು. ಮಣ್ಣು ಬಿದ್ದ ಸದ್ದು ಕೇಳಿಸಿತು.

ಯಾರೂ ಬೈಯಲಿಲ್ಲ. ರೂತವ್ವ ಮಾತ್ರ ನನ್ನ ಹತ್ತಿರ ಬಂದು, "ದೂರಿಂದ ಬಂದೀರಿ ಅಣ್ಣಾ, ತೋಯ್ದೀರಿ. ಚಹಾ ಕುಡದ ಹೋಗ್ರಿ," ಎಂದಳು.

ಮಾರನೆಯ ದಿನ ಮಾಬೂಸಾಬನನ್ನು ಕರೆದುಕೊಂಡು ಹೋಗಿ ಕಲ್ಲು ಕೀಳು ಎಂದೆ. "ಮಷೀನ್ ಬರಲಿ ಅಲ್ರೀ?" ಎಂದ. "ಹಾರಿ ಹಾಕು," ಎಂದೆ. ಸೀಳುತ್ತದೆ ಎಂದು ನಾನು ಹೇಳಿದ್ದು ನಿಜವಾಯಿತು. ಕರಿ ಕಲ್ಲು ನಮ್ಮಿಬ್ಬರ ಹೆಸರಿನ ನಡುವೆ ಎರಡಾಯಿತು. ಎಲ್ಲ ಕಿತ್ತು ಮಣ್ಣು ಸಮ ಮಾಡಲು ಒಂದು ತಾಸು ಹಿಡಿಯಲಿಲ್ಲ. ಹಾರೆಯನ್ನು ಹೆಗಲಿಗೇರಿಸುತ್ತ ಮಾಬೂಸಾಬ, ನನಗಲ್ಲ, ಮರಕ್ಕೆ ಹೇಳುವವನಂತೆ ಹೇಳಿದ: "ಇಷ್ಟ ಕೆಲಸಿತ್ತು."

ರೂತವ್ವನ ಮನೆಗೆ ಹೋಗಿ ಕುಳಿತೆ. ಅವಳು ಕುಣಿಯಲ್ಲಿದ್ದಳು, ತಂದೆ ಅರ್ಧ ನೇಯ್ದ ಸೀರೆ ಮುಗಿಸುತ್ತಿದ್ದಳು. ಕಾಕಾನನ್ನು ಅಲ್ಲಿಂದ ತೆಗೆದು ಎಸ್ತರವ್ವನ ಪಕ್ಕ ಮಲಗಿಸಲು ಪರವಾನಗಿ ಕೇಳುತ್ತೇನೆ, ಎಲ್ಲ ಓಡಾಟ ನನ್ನದು ಎಂದೆ. ಲಾಳಿ ನಿಲ್ಲಲಿಲ್ಲ. "ಮಲಗಿದವರನ್ನ ಎಬ್ಬಸಬ್ಯಾಡ್ರಿ ಅಣ್ಣಾ."

"ಹಂಗಾರ ನನ್ನ ಜಾಗಾನರ ಅಲ್ಲೆ, ಆ ನೀರು ನಿಲ್ಲೂ ಕಡೆ, ಕಾಕಾರ ಬಾಜೂಕ ಮಾಡ್ರಿ ಅಂತ ಹಿರಿಯರಿಗೆ ಬರದು ಕೊಡ್ತೇನಿ."

ಈಗ ಲಾಳಿ ನಿಂತಿತು. ಅವಳು ತಲೆ ಎತ್ತಿ ನೋಡಿದಳು. "ಅಲ್ಲೂ ಜಾಗಾ ಹಿಡಿಯಾಕ ಹೊಂಟೀರೇನು?"

ತಂದೆಯ ನಗುವೇ ಅದು. ನಗುತ್ತಲೇ ಅವಳ ಕಣ್ಣು ತುಂಬಿತು. ನಾನು ತಲೆ ಬಾಗಿಸಿದೆ. ನನ್ನ ಕೆಳಗೆ ತಂಪಾದ ಮಣ್ಣಿನ ನೆಲವಿತ್ತು. ಅದರಲ್ಲಿ ಸಂದಿರಲಿಲ್ಲ, ಸೀಳಿರಲಿಲ್ಲ, ನನ್ನ ಕಣ್ಣಿಗೆ ಹುಡುಕಲು ಏನೂ ಇರಲಿಲ್ಲ.

ನಾನು ಒಳ್ಳೆಯವನಾದೆ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಶಿರಹಟ್ಟಿಯ ಜಾಗ ಬಿಟ್ಟೆ, ನಿಜ. ಆದರೆ ಆ ರಸ್ತೆಯಲ್ಲಿ ಹೋಗುವಾಗ ಅಲ್ಲಿ ಬೇರೆಯವರು ಹಾಕಿದ ಅಂಗಡಿಯ ಕಡೆ ಕಣ್ಣು ಹೊರಳುತ್ತದೆ. ಮುಂಡರಗಿಯದು ನಡೆಯುತ್ತಿದೆ. ಬುಧವಾರ ನನ್ನ ಸರದಿ ಬಂದಾಗ ನನ್ನದೇನಿಲ್ಲ ಎಂದು ಹೇಳಿ ನೋಡಿದೆ. ಬಾಯಿಗೆ ಬೇರೆಯವರ ಹಲ್ಲು ಹಾಕಿಕೊಂಡಂತಾಯಿತು. ಸಾಕು ಎಂಬುದು ಹೇಳಿದ ಕೂಡಲೇ ಬರುವಂಥದ್ದಲ್ಲ. ಯಾಕೋಬಪ್ಪನಿಗೆ ಅದು ವಾರಕ್ಕೆ ಎರಡು ಸೀರೆಯಂತೆ, ಪ್ರತಿ ವಾರ ಹೊಸದಾಗಿ ನೇಯ್ದು ಬಂದದ್ದಿರಬೇಕು. ನಾನು ಈಗ ಒಂದು ಮಾತು ಮಾತ್ರ ಹಿರಿಯರಿಗೆ ಹೇಳಿದ್ದೇನೆ: ನನ್ನ ದಿನ ಬಂದಾಗ ಗುದ್ದಲಿ ಎಲ್ಲಿ ಇಳಿಯುತ್ತದೋ ಅಲ್ಲಿ ಆಗಲಿ, ನನ್ನನ್ನು ಕೇಳಬೇಡಿ. ಎಸ್ತರವ್ವನ ಪಕ್ಕದ ಜಾಗ ಈಗಲೂ ಖಾಲಿಯಿದೆ. ಅಲ್ಲಿ ಯಾರನ್ನೂ ಮಲಗಿಸಲು ಯಾರೂ ಒಪ್ಪುವುದಿಲ್ಲ. ಪ್ರತಿ ವರ್ಷ ಈ ದಿನ ರೂತವ್ವ ಇಬ್ಬರ ಸಮಾಧಿಗೂ ಸುಣ್ಣ ಬಳಿದ ಮೇಲೆ ನಾನು ಉಳಿದ ಸುಣ್ಣದಿಂದ ಆ ಖಾಲಿ ಜಾಗದ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ ಇಡುತ್ತೇನೆ. ಒಂದೂ ದುಂಡಗೆ ಬರುವುದಿಲ್ಲ.

"ಬರ್ರಿ, ಸುಣ್ಣ ತಣ್ಣಗಾತು," ಎಂದು ಸುಶೀಲಾ ಹಿತ್ತಲಿನಿಂದ ಕರೆಯುತ್ತಿದ್ದಾಳೆ.

ಅಂದು ಅಲ್ಲಿ ಇದ್ದವರು ಬಹಳ ಜನ. ಮೊದಲಿನಿಂದ ಕೊನೆಯ ತನಕ ಹತ್ತಿರದಿಂದ ಕಂಡು, ಈಗಲೂ ಊರಲ್ಲೇ ಇರುವವರು ಮೂವರು. ನಾನು ಬರೆದುದರಲ್ಲಿ ತಪ್ಪಿದ್ದರೆ ಅವರು ತಿದ್ದಬಲ್ಲರು. ಯಾಕೋಬಪ್ಪನ ಮಗಳು ರೂತವ್ವ, ಅದೇ ಮನೆಯಲ್ಲಿ, ಅದೇ ಕುಣಿಯಲ್ಲಿದ್ದಾಳೆ. ಮಾಬೂಸಾಬ, ಈಗ ಗುದ್ದಲಿ ಹಿಡಿಯುವುದಿಲ್ಲ, ಕಣ್ಣು ಮಂಜಾಗಿದೆ, ಆದರೆ ಯಾರನ್ನು ಎಲ್ಲಿ ಇಳಿಸಿದೆ ಎಂಬುದು ಅವನಿಗೆ ಕಂಠಪಾಠ. ಮತ್ತು ಸುಶೀಲಾ. ಮಳೆಯಲ್ಲಿ ಗೇಟಿನ ಪಕ್ಕ ನಿಂತು, ನಾನು ಒಳಗೆ ಬಂದು ಗಡಿಯಾರ ನೋಡಿಕೊಂಡದ್ದನ್ನು ಅವಳು ನೋಡಿದ್ದಳು.